ಖಳ ಹುಟ್ಟುವ ಮುನ್ನವೇ ಕುಲಾವಿ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬಾರದು ಎನ್ನುತ್ತಾರೆ ನಮ್ಮ ಹಿರಿಯರು. ಅಮೆರಿಕದ ಬ್ಯಾಟ್‌ಮನ್ ಅಭಿಮಾನಿಗಳಿಗೆ ಈ ಮಾತು ಯಾರೂ ಹೇಳಿದಂತಿಲ್ಲ. ಒಂದು ಚಿತ್ರ ತೆರೆಗೆ ಬಂದು ವಾರ ಕಳೆಯುವುದರೊಳಗೆ ಅವರ ಬಾಯಲ್ಲಿ ಒಂದೇ ಪ್ರಶ್ನೆ: 'ಮುಂದಿನ ಚಿತ್ರದಲ್ಲಿ ಖಳ ಯಾರು?' ನಾಯಕ ಯಾರೆಂದು ಕೇಳುವ ಅಗತ್ಯವಿಲ್ಲ, ಅವನು ಬ್ಯಾಟ್‌ಮನ್ನೇ. ಕತೆ ಏನೆಂದೂ ಯಾರೂ ಕೇಳುವುದಿಲ್ಲ. ಖಳನ ಹೆಸರೊಂದು ಸಿಕ್ಕಿಬಿಟ್ಟರೆ ಸಾಕು, ಮಿಕ್ಕದ್ದನ್ನೆಲ್ಲ ಅವರೇ ಕಟ್ಟಿಕೊಳ್ಳುತ್ತಾರೆ. ಅಲ್ಲಿ ಕತೆಗಾರ ಇನ್ನೂ ಮೊದಲ ಸಾಲನ್ನೇ ಬರೆದಿರುವುದಿಲ್ಲ, ಇಲ್ಲಿ ಖಳನಿಗೆ ಕುಲಾವಿಯೇನು, ವೇಷವೇನು, ವೇಷ ಹಾಕುವ ನಟನೇನು, ಎಲ್ಲವೂ ಸಿದ್ಧವಾಗಿರುತ್ತದೆ.

ಇದನ್ನೆಲ್ಲ ಹುಡುಗಾಟವೆಂದು ತಳ್ಳಿಹಾಕುವುದು ಸುಲಭ. ಆದರೆ ಈ ಊಹೆಯ ಆಟದ ಹಿಂದೆ, ಕತೆ ಹೇಳುವ ಕಸುಬಿಗೇ ಸಂಬಂಧಪಟ್ಟ ಪ್ರಶ್ನೆಯೊಂದು ಅಡಗಿ ಕುಳಿತಿದೆ. ಖಳ ಯಾರೆಂದು ಮೊದಲೇ ಗೊತ್ತಾದರೆ ಕತೆ ಕೆಡುತ್ತದೆಯೆ? ಕೆಡುತ್ತದೆ ಎಂದು ಹಾಲಿವುಡ್ಡಿನ ನಂಬಿಕೆ. ಅದಕ್ಕಾಗಿಯೇ ಅಲ್ಲಿ ಚಿತ್ರಕಥೆಗೆ ಕಾವಲು, ನಟರ ಬಾಯಿಗೆ ಬೀಗ, ಸುಳಿವು ಸಿಕ್ಕವರ ಮುಂದೆ ಜಾಣ ಉತ್ತರ. ಬ್ಯಾಟ್‌ಮನ್ ಚಿತ್ರಗಳ ಚರಿತ್ರೆ ಮಾತ್ರ ಬೇರೆಯದೇ ಕತೆ ಹೇಳುತ್ತದೆ.

ಮೊದಲು ಈ ಖಳರ ವಂಶಾವಳಿಯನ್ನು ಒಂದಿಷ್ಟು ನೋಡೋಣ. ಬ್ಯಾಟ್‌ಮನ್ ಹುಟ್ಟಿದ್ದು 1939ರಲ್ಲಿ, ಚಿತ್ರಕತೆಗಳ ಒಂದು ಅಗ್ಗದ ಮಾಸಿಕದಲ್ಲಿ. ಅವನು ಸೂಪರ್‌ಮನ್ನಿನಂತೆ ಆಕಾಶದಲ್ಲಿ ಹಾರುವವನಲ್ಲ, ಗುಂಡು ತಾಗಿದರೆ ಸಾಯುವ ಮನುಷ್ಯ. ಕಣ್ಣೆದುರೇ ತಂದೆತಾಯಿಯ ಕೊಲೆ ಕಂಡ ಬ್ರೂಸ್ ವೇನ್ ಎಂಬ ಸಿರಿವಂತ. ಅವನಲ್ಲಿ ಅದ್ಭುತ ಶಕ್ತಿ ಇಲ್ಲದ ಕಾರಣ ಅದ್ಭುತವೆಲ್ಲ ಎದುರಾಳಿಗಳ ಪಾಲಿಗೆ ಹೋಯಿತು. 1940ರಲ್ಲಿ ಜೋಕರ್ ಮತ್ತು ಕ್ಯಾಟ್‌ವುಮನ್ ಬಂದರು, 1941ರಲ್ಲಿ ಪೆಂಗ್ವಿನ್, 1942ರಲ್ಲಿ ಟೂ-ಫೇಸ್, 1948ರಲ್ಲಿ ಒಗಟು ಹೇಳುವ ರಿಡ್ಲರ್. ಜೋಕರನನ್ನು ಬಂದ ಸಂಚಿಕೆಯಲ್ಲೇ ಸಾಯಿಸಿಬಿಡುವ ಎಣಿಕೆ ಇತ್ತು. ಸಂಪಾದಕ ವಿಟ್ನಿ ಎಲ್ಸ್‌ವರ್ತ್ ಒಪ್ಪಲಿಲ್ಲ. ಕೊನೆಗೆ ಇನ್ನೊಂದು ಚಿತ್ರ ಸೇರಿಸಿ, ಇವನು ಬದುಕಿದ್ದಾನೆ ಎಂದು ತೋರಿಸಿದರು. ಖಳನನ್ನು ಕೊಲ್ಲಬೇಡ, ಮುಂದೆ ಬೇಕಾಗುತ್ತಾನೆ ಎಂಬ ವ್ಯಾಪಾರದ ವಿವೇಕ ಅಲ್ಲಿಂದ ಶುರು. 'ಮುಂದೆ ಯಾರು?' ಎಂಬ ಪ್ರಶ್ನೆಯ ಬೇರೂ ಅಲ್ಲೇ ಇದೆ.

ಹೀಗಾಗಿ ಅಭಿಮಾನಿಗಳದು ಗಾಳಿಯಲ್ಲಿ ಗುಂಡು ಹಾರಿಸುವ ಊಹೆಯಲ್ಲ. ಎಲೆಗಳೆಲ್ಲ ಗೊತ್ತಿರುವ ಇಸ್ಪೀಟಿನಲ್ಲಿ ಮುಂದಿನ ಎಲೆ ಯಾವುದೆಂದು ಹೇಳುವ ಆಟ. ಆ ಎಲೆಗಳ ಮೇಲೆ ತಮಗೂ ಹಕ್ಕಿದೆ ಎಂಬ ಭಾವನೆಯನ್ನು ಬೆಳೆಸಿದವರು ಪ್ರಕಾಶಕರೇ. 1988ರಲ್ಲಿ ಬ್ಯಾಟ್‌ಮನ್ನನ ಜತೆಗಾರ ರಾಬಿನ್ ಜೋಕರನ ಕೈಗೆ ಸಿಕ್ಕಿ ಸ್ಫೋಟದಲ್ಲಿ ಸಿಲುಕುವಲ್ಲಿಗೆ ಕತೆ ನಿಲ್ಲಿಸಿ, ಅವನು ಸಾಯಬೇಕೆ, ಬದುಕಬೇಕೆ, ನೀವೇ ಹೇಳಿ ಎಂದು ಓದುಗರಿಗೆ ಎರಡು ದೂರವಾಣಿ ಸಂಖ್ಯೆ ಕೊಟ್ಟರು. ಕರೆಯೊಂದಕ್ಕೆ 50 ಸೆಂಟ್. ಬದುಕಲಿ ಎಂದವು 5,271 ಕರೆ, ಸಾಯಲಿ ಎಂದವು 5,343. ಅಂತರ ಬರೇ 72. ರಾಬಿನ್ ಸತ್ತ. ಕೊಂದದ್ದು ಜೋಕರನೋ, ದುಡ್ಡು ಕೊಟ್ಟು ಕರೆ ಮಾಡಿದ ಓದುಗನೋ ಎಂಬುದು ಇಂದಿಗೂ ಕೇಳಬಹುದಾದ ಪ್ರಶ್ನೆ.

ಸಿನಿಮಾಕ್ಕೆ ಬಂದಾಗ ಈ ಊಹೆಗೆ ನಟರೂ ಸೇರಿಕೊಂಡರು. 1989ರಲ್ಲಿ ಟಿಮ್ ಬರ್ಟನ್ ನಿರ್ದೇಶಿಸಿದ ಚಿತ್ರದಲ್ಲಿ ಹಾರ್ವೆ ಡೆಂಟ್ ಎಂಬ ಸರ್ಕಾರಿ ವಕೀಲನ ಪಾತ್ರ ಮಾಡಿದವರು ಬಿಲ್ಲಿ ಡೀ ವಿಲಿಯಮ್ಸ್. ಹಾರ್ವೆ ಡೆಂಟನೇ ಮುಖದ ಅರ್ಧ ಸುಟ್ಟು ಮುಂದೆ ಟೂ-ಫೇಸ್ ಆಗುತ್ತಾನೆಂಬುದು ಚಿತ್ರಕತೆ ಓದಿದ ಹುಡುಗರಿಗೆಲ್ಲ ಗೊತ್ತು. ಆದ್ದರಿಂದ ಮುಂದಿನ ಖಳ ಇವರೇ ಎಂದು ಅಭಿಮಾನಿಗಳು ಲೆಕ್ಕ ಹಾಕಿದರು. ವಿಲಿಯಮ್ಸ್ ಕೂಡ ಆ ಆಸೆಯಿಂದಲೇ ಪಾತ್ರ ಒಪ್ಪಿದ್ದರು. ಆದರೆ 1995ರಲ್ಲಿ ಟೂ-ಫೇಸ್ ತೆರೆಯ ಮೇಲೆ ಬಂದಾಗ ನಿರ್ದೇಶಕರು ಬೇರೆ, ನಟರೂ ಬೇರೆ: ಟಾಮಿ ಲೀ ಜೋನ್ಸ್. ವಿಲಿಯಮ್ಸರಿಗೆ ಟೂ-ಫೇಸ್ ದಕ್ಕಿದ್ದು 2017ರಲ್ಲಿ, ಮಕ್ಕಳಿಗಾಗಿ ಮಾಡಿದ ಲೆಗೊ ಬ್ಯಾಟ್‌ಮನ್ ಚಿತ್ರದಲ್ಲಿ, ಅದೂ ಬರಿಯ ದನಿಯಾಗಿ. ಒಂದು ಊಹೆ ನಿಜವಾಗಲು 28 ವರ್ಷ ಹಿಡಿಯಿತು.

ಈ ಆಟ ನಿಜವಾಗಿ ರಂಗೇರಿದ್ದು ಕ್ರಿಸ್ಟೊಫರ್ ನೋಲನ್ ಕಾಲದಲ್ಲಿ. 2005ರ 'ಬ್ಯಾಟ್‌ಮನ್ ಬಿಗಿನ್ಸ್' ಮುಗಿಯುವಾಗ ಪೊಲೀಸ್ ಅಧಿಕಾರಿ ಗಾರ್ಡನ್ ಒಂದು ಇಸ್ಪೀಟೆಲೆಯನ್ನು ಬ್ಯಾಟ್‌ಮನ್ ಕೈಗೆ ಕೊಡುತ್ತಾನೆ. ತಿರುಗಿಸಿದರೆ ಜೋಕರ್. ಮುಂದಿನ ಖಳ ಯಾರೆಂದು ಮೂರು ವರ್ಷ ಮೊದಲೇ ಡಂಗುರ ಸಾರಿದ ಹಾಗಾಯಿತು. ಗುಟ್ಟಿಲ್ಲ, ಮುಚ್ಚುಮರೆ ಇಲ್ಲ. 2006ರಲ್ಲಿ ಹೀತ್ ಲೆಜರ್ ಹೆಸರು ಹೊರಬಿದ್ದಾಗ ಅಭಿಮಾನಿಗಳು ನಕ್ಕರು, ಸಿಟ್ಟಾದರು, ಈ ಚೆಲುವ ಹುಡುಗ ಜೋಕರನಾಗುವುದುಂಟೆ ಎಂದು ಮೂಗು ಮುರಿದರು.

ನಿರ್ಮಾಪಕರಾದ ವಾರ್ನರ್ ಬ್ರದರ್ಸ್ ಈ ಕುತೂಹಲವನ್ನೇ ಪ್ರಚಾರಕ್ಕೆ ದುಡಿಸಿಕೊಂಡರು. 2007ರಲ್ಲಿ ಜೋಕರನ ಮುಖವನ್ನು ಒಮ್ಮೆಗೇ ತೋರಿಸದೆ, ಅಭಿಮಾನಿಗಳು ಒಬ್ಬೊಬ್ಬರಾಗಿ ಹೆಸರು ಬರೆಸಿದಷ್ಟೂ ಚೂರು ಚೂರಾಗಿ ತೆರೆದಿಟ್ಟರು. ಬೇಕರಿಗಳ ವಿಳಾಸ ಕೊಟ್ಟು, ಹೋದವರ ಕೈಗೆ ಕೇಕ್ ಕೊಡಿಸಿದರು. ಕೇಕಿನ ಮೇಲೆ ಒಂದು ಸಂಖ್ಯೆ, ಅದಕ್ಕೆ ಕರೆ ಮಾಡಿದರೆ ಕೇಕಿನ ಹೊಟ್ಟೆಯೊಳಗಿಂದಲೇ ಫೋನ್ ರಿಂಗಣಿಸುತ್ತಿತ್ತು! ಜೋಕರನ ಬಂಟರಾಗುವುದಕ್ಕೆ ಜನ ಸಾಲು ನಿಂತರು.

ಇಷ್ಟೆಲ್ಲ ಗೊತ್ತಿದ್ದೂ ಏನಾಯಿತು? 2008ರ ಜನವರಿ 22ರಂದು, ಚಿತ್ರ ತೆರೆ ಕಾಣುವ ಆರು ತಿಂಗಳ ಮೊದಲು, ಲೆಜರ್ ತೀರಿಕೊಂಡರು. ವಯಸ್ಸು 28. ಜುಲೈಯಲ್ಲಿ 'ದಿ ಡಾರ್ಕ್ ನೈಟ್' ಬಂದಾಗ ನಕ್ಕವರೆಲ್ಲ ಬಾಯಿ ಮುಚ್ಚಿದರು. ಖಳನ ಹೆಸರು ಎಲ್ಲರಿಗೂ ಗೊತ್ತಿತ್ತು, ಅವನ ಮುಖಬಣ್ಣ ಗೊತ್ತಿತ್ತು, ನಟ ಯಾರೆಂದು ಗೊತ್ತಿತ್ತು, ಆ ನಟ ಇನ್ನಿಲ್ಲವೆಂಬುದೂ ಗೊತ್ತಿತ್ತು. ಆದರೂ ಆ ನಾಲಗೆ ಚಾಚುವ ರೀತಿ, ತನ್ನ ತುಟಿಯ ಗಾಯಕ್ಕೆ ಒಬ್ಬೊಬ್ಬರ ಮುಂದೆ ಒಂದೊಂದು ಕಾರಣ ಹೇಳುವ ವಿಕಾರ, ಇವು ಯಾವ ಊಹೆಯ ಬಲೆಗೂ ಬಿದ್ದಿರಲಿಲ್ಲ. ಚಿತ್ರ 100 ಕೋಟಿ ಡಾಲರ್ ದಾಟಿತು. 2009ರ ಫೆಬ್ರವರಿಯಲ್ಲಿ ಲೆಜರ್ ಅವರಿಗೆ ಮರಣೋತ್ತರವಾಗಿ ಆಸ್ಕರ್ ಬಂತು.

ಸರಿ, ಮುಂದೆ? ಖಾಲಿಯಾದ ಆ ಕುರ್ಚಿಯಲ್ಲಿ ಯಾರನ್ನು ಕೂರಿಸುವುದು? ನೋಲನ್ ಮೂರನೆಯ ಚಿತ್ರ ಮಾಡುತ್ತೇನೆಂದು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಆಗಲೇ 2008ರ ಸೆಪ್ಟೆಂಬರಿನಲ್ಲಿ, ಟೊರಾಂಟೊ ಚಿತ್ರೋತ್ಸವದ ಹೊತ್ತಿಗೆ, ಬ್ಯಾಟ್‌ಮನ್ನನ ಮನೆಯಾಳು ಆಲ್‌ಫ್ರೆಡ್ ಪಾತ್ರ ಮಾಡುವ ಮೈಕೆಲ್ ಕೇನ್ ಒಂದು ಮಾತು ತೇಲಿಬಿಟ್ಟರು: ಜಾನಿ ಡೆಪ್ ರಿಡ್ಲರ್ ಆಗುತ್ತಾರೆ, ಫಿಲಿಪ್ ಸೀಮೋರ್ ಹಾಫ್‌ಮನ್ ಪೆಂಗ್ವಿನ್ ಆಗುತ್ತಾರೆ ಎಂದು. ಮನೆಯವರೇ ಹೇಳಿದ ಮೇಲೆ ನಂಬದಿರುವುದು ಹೇಗೆ? ಅಭಿಮಾನಿಗಳು ಡೆಪ್‌ಗೆ ಹಸಿರು ಅಂಗಿ ತೊಡಿಸಿ ಚಿತ್ರ ಬರೆದದ್ದೇ ಬರೆದದ್ದು.

ತಮಾಷೆಯೆಂದರೆ ಈ ಜ್ವರ ಅಭಿಮಾನಿಗಳಿಗೆ ಮಾತ್ರ ಹಿಡಿದಿರಲಿಲ್ಲ. ಕತೆಯಲ್ಲಿ ಪಾಲುದಾರರಾದ ಡೇವಿಡ್ ಗೋಯರ್ 2023ರಲ್ಲಿ ನೆನಪಿಸಿಕೊಂಡ ಪ್ರಕಾರ, 'ದಿ ಡಾರ್ಕ್ ನೈಟ್' ಮೊದಲ ಪ್ರದರ್ಶನದ ದಿನವೇ ವಾರ್ನರ್ ಸಂಸ್ಥೆಯ ಮುಖ್ಯಸ್ಥರು, ಮುಂದೆ ರಿಡ್ಲರನನ್ನೇ ತನ್ನಿ, ಲಿಯೊನಾರ್ಡೊ ಡಿಕಾಪ್ರಿಯೊ ಕೈಲಿ ಮಾಡಿಸಿ ಎಂದಿದ್ದರಂತೆ. ಕೋಟಿಗಟ್ಟಲೆ ಡಾಲರ್ ಹೂಡುವವರ ಊಹೆಯೂ ಬೀದಿ ಬದಿಯ ಹುಡುಗನ ಊಹೆಯೂ ಒಂದೇ ಹದದ್ದು. ಇಬ್ಬರೂ ಮಾಡಿದ್ದು ಒಂದೇ ಲೆಕ್ಕ: ಪಟ್ಟಿಯಲ್ಲಿ ಜೋಕರನ ನಂತರದ ದೊಡ್ಡ ಹೆಸರು ಯಾವುದು, ಅದಕ್ಕೆ ಹೊಂದುವ ದೊಡ್ಡ ನಟ ಯಾರು.

ನೋಲನ್ ಈ ಲೆಕ್ಕದ ಗೊಡವೆಗೇ ಹೋಗಲಿಲ್ಲ. 2010ರ ಅಕ್ಟೋಬರಿನಲ್ಲಿ ಅವರು ರಿಡ್ಲರ್ ಬರುವುದಿಲ್ಲ ಎಂದು ಸ್ಪಷ್ಟಪಡಿಸಿದರು. ಲೆಜರ್ ಮೇಲಿನ ಗೌರವದಿಂದ ಜೋಕರನ ಪ್ರಸ್ತಾಪವೇ ಬೇಡವೆಂದು ನಿಶ್ಚಯಿಸಿದರು. 2011ರ ಜನವರಿಯಲ್ಲಿ ಹೆಸರು ಹೊರಬಂತು: ಬೇನ್. ನಟ ಟಾಮ್ ಹಾರ್ಡಿ. ಜತೆಗೆ ಕ್ಯಾಟ್‌ವುಮನ್ ಆಗಿ ಆನ್ ಹ್ಯಾಥವೇ. ಹಲವರಿಗೆ ನಿರಾಸೆ. ಬೇನ್ ಹುಟ್ಟಿದ್ದೇ 1993ರಲ್ಲಿ, ಖಳರ ಪಂಕ್ತಿಯಲ್ಲಿ ಕಿರಿಯ. 1997ರ ಚಿತ್ರವೊಂದರಲ್ಲಿ ಅವನನ್ನು ಮಾತು ಬಾರದ ಗೂಳಿಯಂತೆ ತೋರಿಸಿ ಹಾಳು ಮಾಡಿದ್ದರು. ಆದರೆ ಮೂಲ ಚಿತ್ರಕತೆಯಲ್ಲಿ ಅವನಿಗೊಂದು ಹಿರಿಮೆ ಇದೆ. ಬ್ಯಾಟ್‌ಮನ್ನನನ್ನು ದಣಿಸಿ ದಣಿಸಿ, ಕೊನೆಗೆ ಮೊಣಕಾಲ ಮೇಲೆ ಕೆಡವಿ ಅವನ ಬೆನ್ನು ಮುರಿದವನು ಅವನೇ. ಜೋಕರ್ ನಾಯಕನ ಮನಸ್ಸನ್ನು ಮುರಿದಾಗಿತ್ತು, ಉಳಿದದ್ದು ಮೈ. ನೋಲನ್ ಹುಡುಕಿದ್ದು ದೊಡ್ಡ ಹೆಸರನ್ನಲ್ಲ, ನಾಯಕನಲ್ಲಿ ಇನ್ನೂ ಮುರಿಯದೆ ಉಳಿದಿರುವುದೇನು ಎಂಬುದನ್ನು.

ಇಲ್ಲಿಗೆ ಊಹೆಗಾರರು ಸೋತರು ಎನ್ನೋಣವೆ? ಇಲ್ಲ. ಅದೇ ಚಿತ್ರದಲ್ಲಿ ಅವರು ಗೆದ್ದದ್ದೂ ಉಂಟು.

2011ರ ಏಪ್ರಿಲ್‌ನಲ್ಲಿ ಫ್ರೆಂಚ್ ನಟಿ ಮರಿಯೋನ್ ಕೊತಿಯಾರ್ ತಂಡಕ್ಕೆ ಸೇರಿದರು. ಪಾತ್ರದ ಹೆಸರು ಮಿರಾಂಡಾ ಟೇಟ್, ವೇನ್ ಕಂಪನಿಯ ಆಡಳಿತ ಮಂಡಳಿ ಸದಸ್ಯೆ, ಬ್ರೂಸ್ ವೇನನ ದಾನಧರ್ಮಕ್ಕೆ ನೆರವಾಗುವವಳು ಎಂದು ನಿರ್ಮಾಪಕರ ಪ್ರಕಟಣೆ ಹೇಳಿತು. ಚಿತ್ರಕತೆಗಳಲ್ಲಿ ಇಂಥ ಹೆಸರಿನವಳು ಯಾರೂ ಇಲ್ಲ. ಅಭಿಮಾನಿಗಳಿಗೆ ಮೂಗಿಗೆ ವಾಸನೆ ಬಡಿಯಿತು. 'ಬ್ಯಾಟ್‌ಮನ್ ಬಿಗಿನ್ಸ್'ನಲ್ಲಿ ಖಳನಾಗಿದ್ದ ರಾಸ್ ಅಲ್ ಗೂಲ್‌ಗೆ ಮೂಲ ಕತೆಯಲ್ಲಿ ಒಬ್ಬ ಮಗಳಿದ್ದಾಳೆ, ತಾಲಿಯಾ. ತಂದೆಯ ಸಾವಿಗೆ ಕಾರಣನಾದವನು ಬ್ಯಾಟ್‌ಮನ್. ಆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಮೇಲಾಗಿ ರಾಸ್ ಅಲ್ ಗೂಲ್‌ನ ಯೌವನದ ಪಾತ್ರಕ್ಕೂ ಒಬ್ಬ ನಟನನ್ನು ಗೊತ್ತು ಮಾಡಿದ್ದಾರೆಂಬ ಸುದ್ದಿ ಬಂತು. ಎರಡಕ್ಕೆ ಎರಡು ಸೇರಿಸಿದರೆ ನಾಲ್ಕು: ಮಿರಾಂಡಾಳೇ ತಾಲಿಯಾ. ಅಲ್ಲ, ಅವಳು ಮಿರಾಂಡಾ ಟೇಟ್ ಅಷ್ಟೆ ಎಂದೇ ಚಿತ್ರತಂಡ ಸಾಧಿಸಿತು. 2012ರ ಜುಲೈಯಲ್ಲಿ 'ದಿ ಡಾರ್ಕ್ ನೈಟ್ ರೈಸಸ್' ಬಂತು. ಕೊನೆಯ ಘಟ್ಟದಲ್ಲಿ ಮಿರಾಂಡಾ ಬ್ಯಾಟ್‌ಮನ್ನನ ಪಕ್ಕೆಗೆ ಚೂರಿ ಇರಿದು ತನ್ನ ನಿಜ ಹೆಸರು ಹೇಳಿದಳು. ತಾಲಿಯಾ!

ಈ ಎರಡು ಊಹೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ರಿಡ್ಲರ್ ಬರುತ್ತಾನೆಂದದ್ದು ಪಟ್ಟಿ ಹಿಡಿದು ಮಾಡಿದ ಊಹೆ, ಅದು ಸುಳ್ಳಾಯಿತು. ತಾಲಿಯಾ ಬರುತ್ತಾಳೆಂದದ್ದು ಕತೆ ಹಿಡಿದು ಮಾಡಿದ ಊಹೆ, ಅದು ನಿಜವಾಯಿತು. ಮೊದಲನೆಯದು ಸಂತೆಯ ಲೆಕ್ಕಾಚಾರ, ಎರಡನೆಯದು ಒಳ್ಳೆಯ ಓದು. ಹಿಂದಿನ ಚಿತ್ರದಲ್ಲಿ ಯಾವ ಗಂಟು ಬಿಚ್ಚದೆ ಉಳಿದಿದೆ, ಯಾರಿಗೆ ಯಾರ ಮೇಲೆ ಯಾವ ಹಗೆ ಬಾಕಿ ಇದೆ ಎಂದು ಕೇಳಿದವನಿಗೆ ಕತೆಯೇ ಉತ್ತರ ಹೇಳಿತು. ಇಂಥ ಓದುಗ ಸಿಕ್ಕಿದ್ದಕ್ಕೆ ಕತೆಗಾರ ಸಂತೋಷಪಡಬೇಕು. ಸಂತೋಷಪಡುವ ಬದಲು ಇಲ್ಲಿ ಮರೆಮಾಚಿದರು.

ಆ ಮರೆಮಾಚುವಿಕೆಗೆ ತೆತ್ತ ಬೆಲೆಯನ್ನೂ ನೋಡಬೇಕು. ಗುಟ್ಟು ಉಳಿಯಬೇಕಲ್ಲ, ಅದಕ್ಕಾಗಿ ತಾಲಿಯಾ ಎರಡೂವರೆ ಗಂಟೆ ಹೊತ್ತು ತಾನು ಯಾರೂ ಅಲ್ಲವೆಂಬಂತೆ ಇರಬೇಕಾಯಿತು. ಅವಳ ಸಿಟ್ಟು, ಅವಳ ಬಾಲ್ಯದ ಸೆರೆಮನೆ, ತಂದೆಯ ಮೇಲಿನ ದ್ವೇಷ ಪ್ರೀತಿಯಾಗಿ ಬದಲಾದದ್ದು, ಎಲ್ಲವನ್ನೂ ಕಡೆಯ ಕೆಲವೇ ನಿಮಿಷಗಳಲ್ಲಿ ಬಾಯಿಮಾತಿನಲ್ಲಿ ಹೇಳಿ ಮುಗಿಸಬೇಕಾಯಿತು. ಹೇಳಿ ಮುಗಿಸುವಷ್ಟರಲ್ಲಿ ಸತ್ತೂ ಹೋದಳು. ಊಹಿಸದವರಿಗೆ ಒಂದು ಕ್ಷಣದ ಬೆಚ್ಚು, ಊಹಿಸಿದವರಿಗೆ ಅದೂ ಇಲ್ಲ. ಡಂಗುರ ಸಾರಿ ಬಂದ ಜೋಕರ್ ಸಿನಿಮಾ ಚರಿತ್ರೆಯಲ್ಲಿ ಉಳಿದ, ಮುಚ್ಚಿಟ್ಟು ತಂದ ತಾಲಿಯಾ ಚಿತ್ರ ಮುಗಿಯುವುದರೊಳಗೇ ಮರೆತುಹೋದಳು. ಆ ನಟಿಯ ಪ್ರತಿಭೆ ಕಡಿಮೆಯದೆಂದು ಇದಕ್ಕೆ ಕಾರಣ ಹೇಳುವಂತಿಲ್ಲ, ಆಕೆ 2008ರಲ್ಲೇ ಆಸ್ಕರ್ ಗೆದ್ದವರು. ಆಕೆಗೆ ಸಿಗಬೇಕಾಗಿದ್ದ ಹೊತ್ತನ್ನು ಗುಟ್ಟು ನುಂಗಿಹಾಕಿತ್ತು.

ಬಯಲಾಟ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 'ಇಂದ್ರಜಿತು ಕಾಳಗ' ಎಂದು ಪ್ರಸಂಗದ ಹೆಸರು ಹೇಳಿದ ಮೇಲೆ ಎದುರಾಳಿ ಯಾರೆಂಬ ಗುಟ್ಟು ಎಲ್ಲಿಂದ ಬರಬೇಕು? ಅವನು ಬರುತ್ತಾನೆ, ಹೋರಾಡುತ್ತಾನೆ, ಸಾಯುತ್ತಾನೆ ಎಂಬುದು ಚಾಪೆ ಹಾಸಿ ಕೂತ ಅಜ್ಜಿಗೂ ಗೊತ್ತು, ಅವಳ ಮಡಿಲಲ್ಲಿ ತೂಕಡಿಸುವ ಮೊಮ್ಮಗನಿಗೂ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಯಾರೂ ಏಳುವುದಿಲ್ಲ. ಇಂದಿನ ವೇಷಧಾರಿ ಅವನನ್ನು ಹೇಗೆ ತರುತ್ತಾನೆ ಎಂಬುದೇ ಅವರನ್ನು ಕೂರಿಸುವ ಕುತೂಹಲ.

ಹಾಗೆಂದು ಅಭಿಮಾನಿಗಳ ಈ ಹುಚ್ಚನ್ನು ಹೀಗಳೆಯುವಂತಿಲ್ಲ. ಅದರಲ್ಲಿ ಮನ ಮುಟ್ಟುವ ಸಂಗತಿಗಳೂ ಇವೆ. 2011ರಲ್ಲಿ ಬೇನ್‌ನ ಸೆರೆಮನೆಯ ಹೊರನೋಟಕ್ಕೆಂದು ತಂಡ ನಮ್ಮ ಜೋಧಪುರಕ್ಕೆ ಬಂದು ಮೆಹರಾನ್‌ಗಢ ಕೋಟೆಯ ಬಳಿ ಚಿತ್ರೀಕರಣ ನಡೆಸಿತು. ಅದೇ ವರ್ಷ ಸಂಗೀತ ನಿರ್ದೇಶಕ ಹಾನ್ಸ್ ಜಿಮ್ಮರ್ ಆ ಸೆರೆಮನೆಯಲ್ಲಿ ಕೈದಿಗಳು ಕೂಗುವ ಘೋಷವೊಂದಕ್ಕೆ ದನಿ ಬೇಕೆಂದು ಅಭಿಮಾನಿಗಳನ್ನೇ ಕೇಳಿಕೊಂಡರು. ಲೋಕದ ಮೂಲೆಮೂಲೆಗಳಿಂದ ಸಾವಿರಾರು ಜನ ತಮ್ಮ ಮನೆಗಳಲ್ಲೇ ಆ ಘೋಷ ಕೂಗಿ, ಮುದ್ರಿಸಿ ಕಳಿಸಿದರು. ಖಳ ಯಾರೆಂದು ಎರಡು ವರ್ಷ ಜಗಳವಾಡಿದವರು ಕೊನೆಗೆ ಅವನ ಕೋಟೆಯ ದನಿಯಾದರು. ಇದಕ್ಕಿಂತ ಒಳ್ಳೆಯ ರಾಜಿ ಬೇರೆಲ್ಲಿ ಸಿಕ್ಕೀತು?

ಅಲ್ಲಿಂದೀಚೆಗೆ ಈ ಹುಚ್ಚು ಉದ್ಯಮವಾಗಿ ಬೆಳೆದಿದೆ. ಚಿತ್ರದ ಕೊನೆಗೆ ಮುಂದಿನ ಖಳನ ತುಣುಕೊಂದನ್ನು ತೋರಿಸಿ ಕಳಿಸುವುದು ಅಮೆರಿಕದ ಇಂಥ ಚಿತ್ರಗಳಿಗೆ ಹೆಚ್ಚುಕಡಿಮೆ ಕಟ್ಟಳೆಯೇ ಆಗಿಬಿಟ್ಟಿತು. ಊಟ ಮುಗಿಯುವ ಮೊದಲೇ ನಾಳೆಯ ಅಡುಗೆಯ ಘಮ ಹಿಡಿಸುವ ಉಪಾಯ ಇದು. ಪ್ರೇಕ್ಷಕ ಎದುರಿಗಿರುವ ಖಳನನ್ನು ನೋಡುವುದು ಬಿಟ್ಟು ಬರಲಿರುವವನ ಸುಳಿವಿಗಾಗಿ ಮೂಲೆಮೂಲೆ ತಡಕುತ್ತಾನೆ. ಈ ಆಟದಲ್ಲಿ ನಿಜವಾಗಿ ನಷ್ಟವಾಗುವುದು ಕಣ್ಣಮುಂದಿನ ಚಿತ್ರಕ್ಕೆ.

2022ರಲ್ಲಿ ಮ್ಯಾಟ್ ರೀವ್ಸ್ ನಿರ್ದೇಶನದ 'ದಿ ಬ್ಯಾಟ್‌ಮನ್' ಬಂದಾಗ ಹೀಗೇ ಆಯಿತು. 2008ರಲ್ಲಿ ಬಯಸಿದ್ದ ಇಬ್ಬರೂ ಅದರಲ್ಲಿ ಒಟ್ಟಿಗೇ ಬಂದರು, ರಿಡ್ಲರ್ ಆಗಿ ಪಾಲ್ ಡೇನೊ, ಗುರುತು ಸಿಗದ ಹಾಗೆ ಮುಖ ಮರೆಸಿಕೊಂಡು ಪೆಂಗ್ವಿನ್ ಆಗಿ ಕಾಲಿನ್ ಫ್ಯಾರಲ್. 14 ವರ್ಷದ ಹರಕೆ ಸಂದಿತಲ್ಲ ಎಂದು ತೃಪ್ತರಾಗಬೇಕಾದವರು ಹಿಡಿದುಕೊಂಡದ್ದು ಮಾತ್ರ ಬೇರೆರಡು ಸಂಗತಿಗಳನ್ನು. ಕೊನೆಯಲ್ಲಿ ಹುಚ್ಚಾಸ್ಪತ್ರೆಯ ಪಕ್ಕದ ಕೋಣೆಯಿಂದ ಕೇಳುವ ಇನ್ನೊಬ್ಬನ ನಗು, ಮತ್ತು ನಡುವೆ ತೆರೆಯ ಮೇಲೆ ಮಿಂಚಿ ಮರೆಯಾಗುವ 'ಹಶ್' ಎಂಬ ಪದ. ನಗು ಜೋಕರನದು. ಅದು ಮುಂದಿನ ಚಿತ್ರದ ಜಾಹೀರಾತಲ್ಲ ಎಂದು ರೀವ್ಸ್ ಹೇಳಿದರೂ ಯಾರೂ ಕಿವಿಗೊಡಲಿಲ್ಲ. ಹಶ್ ಎಂಬುದು ಚಿತ್ರಕತೆಯಲ್ಲಿ ಬ್ರೂಸ್ ವೇನನ ಬಾಲ್ಯದ ಗೆಳೆಯನೊಬ್ಬ ಖಳನಾದಾಗ ಪಡೆದ ಹೆಸರು. ಅವನೇ ಬರುತ್ತಾನೆಂದು ಕೆಲವರು, 2011ರಲ್ಲಿ ಹುಟ್ಟಿದ ಗೂಬೆ ಮುಖವಾಡದ ಗುಪ್ತ ಸಂಘ ಬರುತ್ತದೆಂದು ಕೆಲವರು ಪಂಥ ಕಟ್ಟಿದರು. ಎರಡನೆಯ ಭಾಗ 2025ರ ಅಕ್ಟೋಬರಿಗೆ ಎಂದಿದ್ದದ್ದು 2026ಕ್ಕೆ ಹೋಗಿ, ಮತ್ತೆ 2027ರ ಅಕ್ಟೋಬರಿಗೆ ಜಾರಿತು. ಚಿತ್ರ ತಡವಾದಷ್ಟೂ ಪಂಥಕ್ಕೆ ಬಿಡುವು ಹೆಚ್ಚು.

ಪಂಥ ಕಟ್ಟಲಿ, ಯಾರು ಬೇಡವೆಂದರು? ಆದರೆ ಪಟ್ಟಿ ಬದಿಗಿಟ್ಟು ಕತೆಯನ್ನು ಹಿಡಿದು ಕಟ್ಟಲಿ. ರೀವ್ಸರ ಚಿತ್ರದಲ್ಲಿ ಬ್ರೂಸ್ ವೇನನಿಗೆ ತನ್ನ ತಂದೆ ತಾನೆಣಿಸಿದಷ್ಟು ನಿಷ್ಕಳಂಕನಲ್ಲ ಎಂದು ತಿಳಿದುಬರುತ್ತದೆ. ಸೇಡು ತೀರಿಸಿಕೊಳ್ಳಲು ಹೊರಟವನ ಮಾತನ್ನೇ ಇನ್ನೊಬ್ಬ ದುಷ್ಟ ತನ್ನ ಮಾತೆಂದು ಹೇಳಿದಾಗ ಅವನು ಬೆಚ್ಚುತ್ತಾನೆ. ಕೊನೆಗೆ ಹೊಡೆಯುವ ಕೈಯಿಂದಲೇ ದೀವಟಿಗೆ ಹಿಡಿದು, ನೆರೆನೀರಿನಲ್ಲಿ ಜನರನ್ನು ದಾಟಿಸುತ್ತಾನೆ. ಇಂಥವನಿಂದ ಇನ್ನೇನನ್ನು ಕಿತ್ತುಕೊಳ್ಳಬಹುದು? ಅವನು ಹೊಸದಾಗಿ ಕಲಿತ ಕರುಣೆಯನ್ನೆ? ಉಳಿದಿರುವ ಒಬ್ಬನೇ ಆಪ್ತನನ್ನೆ? ಆ ಪ್ರಶ್ನೆಗೆ ಉತ್ತರವಾಗಿ ಬರುವವನು ಯಾರೇ ಆಗಿರಲಿ, ಅವನ ಹೆಸರು ಪಟ್ಟಿಯಲ್ಲಿ ಎಷ್ಟನೆಯದೆಂದು ಆಮೇಲೆ ಯಾರೂ ಕೇಳುವುದಿಲ್ಲ.